ಅಪ್‌ಡೇಟ್ ಮುಗಿದ ಮೇಲೂ ಹಳೆಯ ಪ್ಯಾಚ್ ಫೋನಿನಲ್ಲೇ ಕೂತಿರುತ್ತದಾ? ನನ್ನ 6.7 ಜಿಬಿ ಲೆಕ್ಕಕ್ಕೆ ಸಿಗುತ್ತಿಲ್ಲ

ಅರ್ಧಬ್ಯಾಟರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೆಲಸವೇ ಲೆಕ್ಕ ತಾಳೆ ನೋಡುವುದು. ಮನೆಯಲ್ಲೂ ಅದೇ ಚಟ. ಫೋನಿನಲ್ಲಿ ಏನಾದರೂ ದೊಡ್ಡದು ಮಾಡುವ ಮೊದಲು ಎಷ್ಟು ಜಾಗ ಖಾಲಿ ಇದೆ, ಸಿಸ್ಟಮ್ ಎಷ್ಟು ತಿಂದಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅಕ್ಕನ ಮಗ ನಗುತ್ತಾನೆ. ನಗಲಿ.

ಫೋನ್ 128 ಜಿಬಿಯದು, ಮೂರು ವರ್ಷ ಹಳೆಯದು. ಆಂಡ್ರಾಯ್ಡ್ 13 ಇತ್ತು, 14 ಬಂತು. ಅಪ್‌ಡೇಟ್‌ಗೆ ಮುಂಚೆ ಬರೆದದ್ದು: ಖಾಲಿ 9.8 ಜಿಬಿ, ಸಿಸ್ಟಮ್ 18.4 ಜಿಬಿ.

ಮೊದಲ ಸಲ ಫೋನೇ ಡೌನ್‌ಲೋಡ್ ಮಾಡಿಕೊಂಡು ಹಾಕಲು ಹೋಗಿ ಅರ್ಧಕ್ಕೆ ನಿಂತಿತು. ಆಗ ಅಕ್ಕನ ಮಗ ಪೂರ್ತಿ ಜಿಪ್ ಫೈಲ್ ಇಳಿಸಿ, ಡೌನ್‌ಲೋಡ್ ಫೋಲ್ಡರ್‌ನಲ್ಲಿ ಇಟ್ಟು, ಅಪ್‌ಡೇಟ್ ಪುಟದಲ್ಲಿರುವ ಲೋಕಲ್ ಇನ್‌ಸ್ಟಾಲ್ ಆಯ್ಕೆಯಿಂದ ಹಾಕಿದ. ಮೊನ್ನೆ ರಾತ್ರಿ ಆಯಿತು. ಕೆಲಸ ಆದ ಮೇಲೆ ಆ ಜಿಪ್ ಅನ್ನು ನಾನೇ ಅಳಿಸಿದೆ, ಅದರಲ್ಲಿ ಅನುಮಾನ ಇಲ್ಲ.

ಈಗಿನ ಸ್ಥಿತಿ: ಖಾಲಿ 3.1 ಜಿಬಿ, ಸಿಸ್ಟಮ್ 20.2 ಜಿಬಿ. 9.8ರಲ್ಲಿ 3.1 ಕಳೆದರೆ 6.7 ಜಿಬಿ ಮಾಯ. ಹೊಸದಾಗಿ ಒಂದೇ ಒಂದು ಫೋಟೋ ತೆಗೆದಿಲ್ಲ.

ಇನ್ನೂ ಮೂರು ತೊಂದರೆ ಇವೆ.

ಫೋನ್ ಬಿಸಿಯಾಗುತ್ತಿದೆ. ಮೊದಲ ರಾತ್ರಿ ಕೈಗೆ ತಾಗಿದಾಗ ಹೆದರಿ ಆಫ್ ಮಾಡಿದೆ. ಬೆಳಿಗ್ಗೆ ಆನ್ ಮಾಡಿದೆ, ಮತ್ತೆ ಬಿಸಿ, ಮತ್ತೆ ಆಫ್. ಎರಡು ದಿನದಲ್ಲಿ ಐದು ಸಲ ಆಫ್ ಮಾಡಿದ್ದೇನೆ. ಬ್ಯಾಟರಿ ಸೇವರ್ ಹಾಕಿಯೇ ಇಟ್ಟಿದ್ದೇನೆ. ಚಾರ್ಜಿಗೆ ಹಾಕುವುದೂ ಆಫ್ ಮಾಡಿಯೇ, ಅದು ನನ್ನ ಹಳೆಯ ಅಭ್ಯಾಸ.

ಎರಡನೆಯದು, ಒಂದು ಸಣ್ಣ ಸೆಕ್ಯುರಿಟಿ ಪ್ಯಾಚ್ ಬಂದು ಕೂತಿದೆ. ಒತ್ತಿದರೆ ಸ್ವಲ್ಪ ಹೊತ್ತು ಸುತ್ತಿ ‘ಇನ್‌ಸ್ಟಾಲ್ ಆಗಲಿಲ್ಲ’ ಅನ್ನುತ್ತದೆ. ಕಾರಣ ಹೇಳುವುದಿಲ್ಲ.

ಮೂರನೆಯದೇ ನನ್ನ ತಲೆ ತಿನ್ನುತ್ತಿರುವುದು. ಸೆಟ್ಟಿಂಗ್ಸ್‌ನಲ್ಲಿ ಎರಡು ತಾರೀಖು ಇವೆ. ‘ಸೆಕ್ಯುರಿಟಿ ಅಪ್‌ಡೇಟ್’ ಅನ್ನುವ ಸಾಲಿನಲ್ಲಿ ಹೊಸ ತಾರೀಖು. ಅದರ ಕೆಳಗೆ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಅನ್ನುವ ಸಾಲಿನಲ್ಲಿ ಏಳು ತಿಂಗಳು ಹಳೆಯ ತಾರೀಖು. ಅಂದರೆ ಹಳೆಯ ಪ್ಯಾಚ್ ಹೋಗಿಲ್ಲ, ಹೊಸದರ ಕೆಳಗೆ ಹಾಗೇ ಉಳಿದಿದೆ ಅಂತ ತಾನೇ ಅರ್ಥ? ಆ ಉಳಿಕೆಯೇ 6.7 ಜಿಬಿ ಇರಬಹುದಾ?

ಅಕ್ಕನ ಮಗ ‘ರಿಕವರಿಗೆ ಹೋಗಿ ಕ್ಯಾಶ್ ಪಾರ್ಟಿಶನ್ ವೈಪ್ ಮಾಡು, ಎಲ್ಲ ಹೋಗುತ್ತದೆ’ ಅಂದ. ರಿಕವರಿ ಅಂದರೆ ಫೋನ್ ದುರಸ್ತಿಯ ಮೆನು, ಕ್ಯಾಶ್ ಪಾರ್ಟಿಶನ್ ಅಂದರೆ ತಾತ್ಕಾಲಿಕ ಫೈಲ್ ಇಡುವ ಭಾಗ ಅಂತೆ. ಪವರ್ ಬಟನ್, ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹೋದೆ. ಆ ಸಾಲೇ ಅಲ್ಲಿಲ್ಲ. ಇರುವುದು ‘ವೈಪ್ ಡೇಟಾ’ ಮಾತ್ರ. ಕೈ ನಡುಗಿತು, ವಾಪಸ್ ಬಂದೆ. ಆ ಆಯ್ಕೆ ಇಲ್ಲದಿದ್ದರೆ ಫೋನೇ ಅಸಲಿ ಅಲ್ಲ ಅನ್ನುತ್ತಿದ್ದಾನೆ ಈಗ.

ಏನು ಮಾಡಲಿ?

ಒಂದೇಮದ್ದು ಉತ್ತರಿಸಿದ್ದು:

ಬ್ಯಾಕಪ್ ತೆಗೆದು ಫ್ಯಾಕ್ಟರಿ ರಿಸೆಟ್ ಮಾಡಿ. ದೊಡ್ಡ ಅಪ್‌ಡೇಟ್ ಆದ ಮೇಲೆ ನಾನು ಯಾವಾಗಲೂ ಇದನ್ನೇ ಮಾಡುವುದು. ಹಳೆಯ ಕಸ ಇಟ್ಟುಕೊಂಡು ಹೊಸ ಮನೆಗೆ ಹೋಗಬಾರದು.

ಅರ್ಧಬ್ಯಾಟರಿ:

ಕಸ ಯಾವುದು ಅಂತಲೇ ಗೊತ್ತಿಲ್ಲದೆ ಮನೆ ಕೆಡವಲು ಮನಸ್ಸಿಲ್ಲ. ಮೊದಲು ಲೆಕ್ಕ ಬೇಕು.

ಸ್ಕ್ರೂಡ್ರೈವರ್ ಉತ್ತರಿಸಿದ್ದು:

ಮೇಡಂ, ರಿಸೆಟ್ ಬೇಡ. ಕ್ಲೀನರ್ ಆಪ್ ಕೂಡ ಬೇಡ, ಮುಂದೆ ಯಾರಾದರೂ ಹೇಳೇ ಹೇಳುತ್ತಾರೆ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಆಂಡ್ರಾಯ್ಡ್ 11ರಿಂದ ಈಚೆಗೆ ಒಂದು ಆಪ್ ಇನ್ನೊಂದು ಆಪ್‌ನ ಫೋಲ್ಡರಿಗೇ ಕೈ ಹಾಕಲಾರದು. ಸಿಸ್ಟಮ್ ಅಪ್‌ಡೇಟ್‌ನ ಜಾಗ ಅಂತೂ ದೂರದ ಮಾತು. ಆ ಆಪ್‌ಗಳು ತೋರಿಸುವ ‘2 ಜಿಬಿ ಜಂಕ್ ಸಿಕ್ಕಿತು’ ಎಲ್ಲ ಸುಮ್ನೆ ಬಣ್ಣ.

ನಾನು ಫೋನ್ ರಿಪೇರಿ ಕೆಲಸದವನು. ‘ಹಳೆ ಪ್ಯಾಚ್ ತೆಗೆದುಕೊಡಿ’ ಅಂತ ಕೇಳಿಕೊಂಡು ಬರುವವರು ತುಂಬಾ ಜನ. ತಪ್ಪು ಅವರದಲ್ಲ, ಆ ಪದದ್ದು. ಪ್ಯಾಚ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ತೇಪೆ. ಅಂಗಿಯ ಮೇಲೆ ಒಂದು ತೇಪೆ, ಅದರ ಮೇಲೆ ಇನ್ನೊಂದು, ಕೊನೆಗೆ ಅಂಗಿಗಿಂತ ತೇಪೆಯೇ ಜಾಸ್ತಿ. ಫೋನಿನಲ್ಲಿ ಹಾಗಾಗುವುದಿಲ್ಲ.

ಆಂಡ್ರಾಯ್ಡ್ 4.4ವರೆಗೆ ಸ್ವಲ್ಪ ಹಾಗೇ ಇತ್ತು ಅನ್ನಬಹುದು. ಅಪ್‌ಡೇಟ್ ಬಂದರೆ ಒಂದೊಂದೇ ಫೈಲ್ ತೆರೆದು ತಿದ್ದುತ್ತಿತ್ತು. 2014ರಲ್ಲಿ 5.0 ಬಂದಾಗಿನಿಂದ ರೀತಿ ಬದಲಾಯಿತು. ಈಗ ಸಿಸ್ಟಮ್ ಪಾರ್ಟಿಶನ್ ಇಡೀ ಒಂದೇ ದೊಡ್ಡ ಫೈಲ್ ಇದ್ದ ಹಾಗೆ. ಅಪ್‌ಡೇಟ್ ಮುಗಿದಾಗ ಅದು ಕಂಪನಿ ತಯಾರಿಸಿದ ಹೊಸ ಇಮೇಜ್‌ಗೆ, ಅಂದರೆ ಇಡೀ ಸಿಸ್ಟಮ್‌ನ ಅಚ್ಚುಪ್ರತಿಗೆ, ಬಿಟ್ ಬಿಟ್ ಸರಿಸಮ ಆಗಿರಬೇಕು. ಒಂದು ಕಡೆ ಹೆಚ್ಚುಕಡಿಮೆ ಆದರೂ ಓದುವಾಗ ನಡೆಯುವ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಹೊಸ ಸಿಸ್ಟಮ್‌ನ ಒಳಗೆ ಹಳೆಯ ಪ್ಯಾಚ್ ಅಡಗಿ ಕೂರಲು ಜಾಗವೇ ಇಲ್ಲ.

ಉಳಿಕೆ ಇದ್ದರೆ ಅದು ಸಿಸ್ಟಮ್‌ನಲ್ಲಿ ಅಲ್ಲ, ನಿಮ್ಮ ಡೇಟಾ ಜಾಗದಲ್ಲಿ ಇರುತ್ತದೆ. ಅಲ್ಲಿ ನಾಲ್ಕೈದು ತರಹದ್ದು ಇರಬಹುದು. ನಿಮ್ಮದರಲ್ಲಿ ನನಗೆ ಅನುಮಾನ ಬಂದದ್ದು ನೀವು ಐದು ಸಲ ಆಫ್ ಮಾಡಿದ ವಿಷಯದ ಮೇಲೆ.

ನಿಮ್ಮ ರಿಕವರಿಯಲ್ಲಿ ಕ್ಯಾಶ್ ಸಾಲು ಇಲ್ಲ ಅಂದಿರಲ್ಲ, ಅದೇ ಒಳ್ಳೆಯ ಸುಳಿವು. ಫೋನ್ ಅಸಲಿಯೇ. 2016ರಲ್ಲಿ ಆಂಡ್ರಾಯ್ಡ್ 7ರ ಜೊತೆ ಎ-ಬಿ ಅನ್ನುವ ಪದ್ಧತಿ ಬಂತು. ಸಿಸ್ಟಮ್‌ಗೆ ಎರಡು ಸ್ಲಾಟ್. ನೀವು ಎ-ದಲ್ಲಿ ಕೆಲಸ ಮಾಡುತ್ತಿರುವಾಗಲೇ ಹಿಂದೆ ಬಿ-ಗೆ ಹೊಸದನ್ನು ಬರೆಯುತ್ತದೆ. ರೀಸ್ಟಾರ್ಟ್ ಮಾಡಿದಾಗ ಬಿ-ಯಿಂದ ಏಳುತ್ತದೆ. ಏಳದಿದ್ದರೆ ಎ-ಗೆ ವಾಪಸ್. ಈ ಪದ್ಧತಿಯಲ್ಲಿ ಅಪ್‌ಡೇಟ್ ಇಡಲು ಕ್ಯಾಶ್ ಪಾರ್ಟಿಶನ್ ಬೇಕಾಗಿಯೇ ಇಲ್ಲ, ಅದಕ್ಕೇ ಇಂಥ ಎಷ್ಟೋ ಫೋನ್‌ಗಳಲ್ಲಿ ಆ ಸಾಲೂ ಇರುವುದಿಲ್ಲ. ನಿಮ್ಮ ಅಕ್ಕನ ಮಗ ಹೇಳಿದ ಉಪಾಯ ಹಳೆಯ ಮಾದರಿಯ ಫೋನ್‌ಗಳಿಗೆ ಸರಿ. ಅಲ್ಲಿ ಕ್ಯಾಶ್ ವೈಪ್ ಮಾಡಿದರೆ ಫೋಟೋ, ಮೆಸೇಜ್ ಯಾವುದೂ ಹೋಗುವುದಿಲ್ಲ. ತೊಂದರೆ ಏನೆಂದರೆ ಅದರ ಪಕ್ಕದ ಸಾಲೇ ‘ವೈಪ್ ಡೇಟಾ’. ವಾಲ್ಯೂಮ್ ಬಟನ್ ಒಂದು ಸಲ ಕಡಿಮೆ ಒತ್ತಿದರೆ ಮುಗಿಯಿತು ಕಥೆ. ಹಾಗೆ ಎಲ್ಲವನ್ನೂ ಕಳೆದುಕೊಂಡು ನನ್ನ ಮೇಜಿನ ಮುಂದೆ ನಿಂತವರನ್ನು ನೋಡಿದ್ದೇನೆ. ನೀವು ವಾಪಸ್ ಬಂದದ್ದೇ ಸರಿ.

ಈಗ ಮುಖ್ಯ ವಿಷಯ. ಎರಡು ಸ್ಲಾಟ್ ಅಂದರೆ ಎರಡು ಪಟ್ಟು ಜಾಗ ಬೇಕು ಅಲ್ವಾ? ಆ ದಂಡ ತಪ್ಪಿಸಲು 2020ರಲ್ಲಿ ಆಂಡ್ರಾಯ್ಡ್ 11ರ ಹೊತ್ತಿಗೆ ವರ್ಚುವಲ್ ಎ-ಬಿ ಬಂತು. ಇಲ್ಲಿ ಎರಡನೆಯ ಪೂರ್ತಿ ಪ್ರತಿ ಇರುವುದಿಲ್ಲ. ಬದಲಾದ ಭಾಗಗಳನ್ನಷ್ಟೇ ಸ್ನ್ಯಾಪ್‌ಶಾಟ್ ಆಗಿ ಬೇರೆ ಬರೆದಿಡುತ್ತದೆ. ಸಿಸ್ಟಮ್‌ನ ಕಡೆ ಜಾಗ ಸಾಲದಿದ್ದರೆ ನಿಮ್ಮ ಡೇಟಾ ಜಾಗದಿಂದ ಕಡ ತೆಗೆದುಕೊಳ್ಳುತ್ತದೆ. ಹೊಸ ಸಿಸ್ಟಮ್‌ನಲ್ಲಿ ಫೋನ್ ಸರಿಯಾಗಿ ಎದ್ದ ಮೇಲೆ ಆ ಭಾಗಗಳನ್ನು ಮೂಲ ಜಾಗಕ್ಕೆ ಸೇರಿಸುತ್ತದೆ. ಇದಕ್ಕೆ ಮರ್ಜ್ ಅನ್ನುತ್ತಾರೆ. ಮರ್ಜ್ ಮುಗಿದ ಮೇಲೆ ಮಾತ್ರ ಕಡ ವಾಪಸ್.

ಅದು ಮುಗಿಯುವ ತನಕ ಎರಡು ವಿಷಯ. ಒಂದು, ಆ ಜಾಗ ನಿಮಗೆ ಸಿಗುವುದಿಲ್ಲ. ಎರಡು, ಇನ್ನೊಂದು ಅಪ್‌ಡೇಟ್ ಹಾಕಲು ಬಿಡುವುದಿಲ್ಲ. ನಿಮ್ಮ ಸಣ್ಣ ಪ್ಯಾಚ್ ಹತ್ತದಿರಲು ಇದೇ ಕಾರಣ ಅಂತ ನನ್ನ ಊಹೆ.

‘ಸಿಸ್ಟಮ್ ಅಪ್‌ಡೇಟ್ ಪೂರ್ತಿಗೊಳಿಸಲಾಗುತ್ತಿದೆ’ ಅಂತ ಒಂದು ನೋಟಿಫಿಕೇಶನ್ ಬಂದಿತ್ತಾ? ನೆನಪಿಸಿಕೊಳ್ಳಿ.

ಬಿಸಿಯ ಕಥೆ ಬೇರೆ. ದೊಡ್ಡ ಅಪ್‌ಡೇಟ್ ಆದ ಮೇಲೆ ನಿಮ್ಮ ಆಪ್‌ಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಫೋನಿನ ಚಿಪ್ ನೇರವಾಗಿ ಓಡಿಸುವ ರೂಪಕ್ಕೆ ತರಬೇಕು. ಆಂಡ್ರಾಯ್ಡ್ 6ರ ಕಾಲದಲ್ಲಿ ‘ಆಪ್‌ಗಳನ್ನು ಸಿದ್ಧಗೊಳಿಸಲಾಗುತ್ತಿದೆ’ ಅಂತ ಪರದೆಯ ಮೇಲೆ ಎಣಿಸುತ್ತಾ ಕೂರುತ್ತಿತ್ತು, ನೆನಪಿದೆಯಾ? ಈಗ ಅದರ ಬಹುಪಾಲು ಕೆಲಸ ತೆರೆಮರೆಗೆ ಹೋಗಿದೆ. ಫೋನ್ ಚಾರ್ಜಿನಲ್ಲಿದ್ದು, ಯಾರೂ ಮುಟ್ಟದೆ ಇರುವ ಹೊತ್ತು ನೋಡಿ ಮಾಡಿಕೊಳ್ಳುತ್ತದೆ. ನೀವು ಚಾರ್ಜಿಗೆ ಹಾಕುವಾಗ ಆಫ್ ಮಾಡುತ್ತೀರಿ. ಅಂದರೆ ಅದಕ್ಕೆ ಕೆಲಸ ಮಾಡಲು ಹೊತ್ತೇ ಕೊಟ್ಟಿಲ್ಲ. ಮೇಲಿಂದ ಬ್ಯಾಟರಿ ಸೇವರ್ ಬೇರೆ. ಪಾಪ, ಅದು ಕೂತ ಕೂಡಲೇ ಎಬ್ಬಿಸಿದ್ದೀರಿ.

ಇವತ್ತು ರಾತ್ರಿ ಹೀಗೆ ಮಾಡಿ. ಸೇವರ್ ತೆಗೆಯಿರಿ. ಒಂದು ಸಲ ರೀಸ್ಟಾರ್ಟ್ ಮಾಡಿ. ವೈಫೈ ಆನ್ ಇಟ್ಟು, ಕವರ್ ತೆಗೆದು, ಗಾಳಿ ಆಡುವ ಕಡೆ ಚಾರ್ಜಿಗೆ ಹಾಕಿ. ಆಫ್ ಮಾಡಬೇಡಿ. ಬೆಳಗಿನ ತನಕ ಮುಟ್ಟಬೇಡಿ. ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾರದಷ್ಟು ಸುಟ್ಟರೆ, ಅಥವಾ ಹಿಂಬದಿ ಉಬ್ಬಿದ್ದು ಕಂಡರೆ ಅದು ಬ್ಯಾಟರಿ ವಿಷಯ, ಕೂಡಲೇ ಕಿತ್ತು ಯಾರಿಗಾದರೂ ತೋರಿಸಿ.

ಎರಡು ತಾರೀಖಿನ ವಿಷಯ ನಾಳೆ ಬರೆಯುತ್ತೇನೆ, ಈಗ ಮೇಜಿನ ಮೇಲೆ ಒಂದು ಒಡೆದ ಸ್ಕ್ರೀನ್ ಕಾಯುತ್ತಿದೆ.

ಅರ್ಧಬ್ಯಾಟರಿ:

ನೋಟಿಫಿಕೇಶನ್ ಬಂದಿತ್ತು. ಬೆರಳಲ್ಲಿ ತಳ್ಳಿಬಿಟ್ಟಿದ್ದೆ. ಹಿಂಬದಿ ಉಬ್ಬಿಲ್ಲ, ಮೇಜಿನ ಮೇಲಿಟ್ಟು ಸ್ಕೇಲ್ ಹಿಡಿದು ನೋಡಿದೆ.

ಹಳೇಚಾರ್ಜರ್ ಉತ್ತರಿಸಿದ್ದು:

ನನ್ನದು ಐಫೋನ್, ಆದರೂ ತಲೆ ಹಾಕುತ್ತೇನೆ. ಸ್ಕ್ರೂಡ್ರೈವರ್ ಹೇಳಿದ್ದು ಒಪ್ಪುತ್ತೇನೆ, ಆದರೆ ತೇಪೆಯ ತರಹದ ಪ್ಯಾಚ್ ಎಲ್ಲೂ ಇಲ್ಲವೇ ಇಲ್ಲ ಅಂದರೆ ಪೂರ್ತಿ ಸರಿ ಅಲ್ಲ. ಐಫೋನ್‌ನಲ್ಲಿ ರ್‍ಯಾಪಿಡ್ ಸೆಕ್ಯುರಿಟಿ ರೆಸ್ಪಾನ್ಸ್ ಅಂತ ಇತ್ತು. ಎಲ್ಲರಿಗೂ ಮೊದಲು ಬಂದದ್ದು 2023ರ ಮೇ 1ರಂದು, 16.4.1ರ ಮೇಲೆ. ಪೂರ್ತಿ ಅಪ್‌ಡೇಟ್ ಅಲ್ಲ, ಅರ್ಜೆಂಟಾಗಿ ಹಾಕುವ ಸಣ್ಣ ತುಂಡು. ಆವೃತ್ತಿ ಸಂಖ್ಯೆಯ ಕೊನೆಗೆ ಒಂದು ಅಕ್ಷರ ಸೇರುತ್ತಿತ್ತು. ಬೇಡವಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಐಓಎಸ್ ಆವೃತ್ತಿಯ ಸಾಲನ್ನು ಒತ್ತಿದರೆ ತೆಗೆಯುವ ಬಟನ್ ಸಿಗುತ್ತಿತ್ತು. ಮುಂದಿನ ಪೂರ್ತಿ ಅಪ್‌ಡೇಟ್ ಬಂದಾಗ ಆ ತುಂಡಿನಲ್ಲಿದ್ದ ತಿದ್ದುಪಡಿ ಅದರೊಳಗೇ ಸೇರಿರುತ್ತದೆ.

ಅದೇ ವರ್ಷ ಜುಲೈನಲ್ಲಿ 16.5.1ರ ಮೇಲೆ ಬಂದ ಎ ಅನ್ನುವ ತುಂಡು ಹಾಕಿಕೊಂಡವರಿಗೆ ಕೆಲವು ವೆಬ್‌ಸೈಟ್ ಸರಿಯಾಗಿ ತೆರೆಯುತ್ತಿರಲಿಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಂಡು ಎರಡೇ ದಿನದಲ್ಲಿ ಸಿ ಅಂತ ಇನ್ನೊಂದು ಕೊಟ್ಟರು. ಅಂಥ ತುಂಡನ್ನು ತೆಗೆಯುವ ಬಟನ್ ಯಾಕೆ ಇಟ್ಟಿದ್ದರು ಅಂತ ಆವತ್ತು ಅರ್ಥವಾಯಿತು.

ಐಫೋನ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಇಳಿಸಿಟ್ಟು ಹಾಕದೆ ಬಿಟ್ಟ ಅಪ್‌ಡೇಟ್ ಫೈಲ್ ಐಫೋನ್ ಸ್ಟೋರೇಜ್ ಪಟ್ಟಿಯಲ್ಲಿ ಆಪ್‌ಗಳ ನಡುವೆ ಕಾಣಿಸುತ್ತದೆ. ಗೇರ್ ಚಿತ್ರ, ಪಕ್ಕದಲ್ಲಿ ಐಓಎಸ್ ಅಂತ ಹೆಸರು. ಒತ್ತಿ ಅಳಿಸಬಹುದು. ಆಂಡ್ರಾಯ್ಡ್‌ನಲ್ಲಿ ಹಾಗೆ ಒಂದೇ ಕಡೆ ಕಾಣುವುದಿಲ್ಲ, ಅದೇ ನಿಮ್ಮ ಕಷ್ಟ.

ಸ್ಕ್ರೂಡ್ರೈವರ್:

ಹಳೇಚಾರ್ಜರ್ ಹೇಳಿದ್ದು ಸರಿ, ನಾನು ಆಂಡ್ರಾಯ್ಡ್‌ನ ಸಿಸ್ಟಮ್ ಪಾರ್ಟಿಶನ್ ಬಗ್ಗೆ ಮಾತ್ರ ಹೇಳಿದ್ದು. ಈಗ ತಾರೀಖು. ತಮಾಷೆ ಅಂದರೆ, ಅಲ್ಲೂ ಸ್ವಲ್ಪ ತೇಪೆಯ ಕಥೆ ಇದೆ.

ಮೇಲಿನ ಸೆಕ್ಯುರಿಟಿ ತಾರೀಖು ಇಡೀ ಸಿಸ್ಟಮ್‌ನದು. 2015ರ ಆಗಸ್ಟ್‌ನಿಂದ ಗೂಗಲ್ ತಿಂಗಳಿಗೊಮ್ಮೆ ಸೆಕ್ಯುರಿಟಿ ಬುಲೆಟಿನ್ ಕೊಡುತ್ತಾ ಬಂದಿದೆ. ಆ ತಾರೀಖು ಸಾಮಾನ್ಯವಾಗಿ 1 ಅಥವಾ 5 ಆಗಿರುತ್ತದೆ, ಗಮನಿಸಿ. 1 ಅಂದರೆ ಆ ತಿಂಗಳ ಆಂಡ್ರಾಯ್ಡ್‌ನ ಸ್ವಂತ ತಿದ್ದುಪಡಿಗಳು. 5 ಅಂದರೆ ಅದರ ಜೊತೆಗೆ ಕರ್ನೆಲ್ (ಸಿಸ್ಟಮ್‌ನ ತಿರುಳು) ಮತ್ತು ಚಿಪ್ ತಯಾರಕರ ಕಡೆಯವೂ ಸೇರಿದವು. ನೀವು ಅಪ್‌ಡೇಟ್ ಹಾಕಿದ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೆಳಗಿನ ತಾರೀಖು ಬೇರೆಯೇ ಗಾಡಿ. 2019ರಲ್ಲಿ ಆಂಡ್ರಾಯ್ಡ್ 10ರಿಂದ ಸಿಸ್ಟಮ್‌ನ ಕೆಲವು ಭಾಗಗಳನ್ನು ಬಿಡಿಬಿಡಿ ಮಾಡ್ಯೂಲ್ ಮಾಡಿದರು. ಅವು ಫೋನ್ ಕಂಪನಿಗೆ ಕಾಯದೆ ಪ್ಲೇ ಸ್ಟೋರ್ ದಾರಿಯಲ್ಲೇ ಬರುತ್ತವೆ. ಸಿಸ್ಟಮ್‌ನಲ್ಲಿ ಮೂಲ ಪ್ರತಿ ಹಾಗೇ ಇರುತ್ತದೆ, ಹೊಸದು ಡೇಟಾ ಜಾಗದಲ್ಲಿ ಕೂರುತ್ತದೆ, ಬೂಟ್ ಆಗುವಾಗ ಎರಡರಲ್ಲಿ ಹೊಸದನ್ನು ಆರಿಸಿಕೊಳ್ಳುತ್ತದೆ. ದೊಡ್ಡ ಅಪ್‌ಡೇಟ್‌ನಲ್ಲಿ ಅದಕ್ಕಿಂತಲೂ ಹೊಸದು ಬಂದರೆ, ಡೇಟಾದಲ್ಲಿರುವ ಹಳೆಯದಕ್ಕೆ ಕೆಲಸ ಇಲ್ಲ, ತಾನೇ ತೆಗೆದುಹಾಕುತ್ತದೆ. ನೀವು ಕೈ ಹಾಕಬೇಕಾಗಿಲ್ಲ.

ಆ ಎರಡು ತಾರೀಖು ಒಂದೇ ಆಗಿರಬೇಕು ಅಂತ ಎಲ್ಲೂ ಇಲ್ಲ. ಆದರೆ ಏಳು ತಿಂಗಳು ಹಿಂದೆ ಇದ್ದರೆ ಹೊಸದು ಕೇಳುವವರಿಲ್ಲದೆ ಬಿದ್ದಿದೆ ಅಂತ. ಆ ಸಾಲನ್ನೇ ಬೆರಳಲ್ಲಿ ಒತ್ತಿ, ಅಪ್‌ಡೇಟ್ ಹುಡುಕುತ್ತದೆ. ಇಳಿದ ಮೇಲೆ ರೀಸ್ಟಾರ್ಟ್ ಕೇಳುತ್ತದೆ. ರೀಸ್ಟಾರ್ಟ್ ಮಾಡುವ ತನಕ ಅದು ಇಳಿದ ಜಾಗದಲ್ಲೇ ಕಾಯುತ್ತಾ ಕೂತಿರುತ್ತದೆ.

ಪ್ಲೇ ಸ್ಟೋರ್‌ನಿಂದ ಬರುವ ಸಿಸ್ಟಮ್ ಆಪ್‌ಗಳದ್ದೂ ಇದೇ ಲೆಕ್ಕ. ಆಪ್ ಮಾಹಿತಿಯಲ್ಲಿ ‘ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ’ ಅಂತ ಇರುತ್ತದೆ. ಜಾಗ ಮಿಗಿಸಲು ಕೆಲವರು ಸಿಕ್ಕಿದ್ದಕ್ಕೆಲ್ಲ ಅದನ್ನು ಒತ್ತುತ್ತಾರೆ. ದಯವಿಟ್ಟು ಬೇಡ. ಫೋನಿನ ಜೊತೆ ಬಂದ ಹಳೆಯ ಆವೃತ್ತಿಗೆ ಇಳಿಯುತ್ತದೆ, ಆಮೇಲಿನ ಸೆಕ್ಯುರಿಟಿ ತಿದ್ದುಪಡಿಗಳೆಲ್ಲ ಹೋಗುತ್ತವೆ. ಎರಡು ದಿನದಲ್ಲಿ ಪ್ಲೇ ಸ್ಟೋರ್ ಮತ್ತೆ ಇಳಿಸುತ್ತದೆ, ಅದು ಬೇರೆ ಮಾತು. ಅದು ನಿಜವಾಗಿ ಉಪಯೋಗಕ್ಕೆ ಬರುವುದು ಹೊಸ ಆವೃತ್ತಿಯೇ ಕೆಟ್ಟಿದ್ದಾಗ. 2021ರ ಮಾರ್ಚ್‌ನಲ್ಲಿ, ಆಪ್‌ಗಳ ಒಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಅನ್ನುವುದರ ಅಪ್‌ಡೇಟ್ ಒಂದು ಕೆಟ್ಟು ಎಷ್ಟೋ ಆಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಆಗ ಆ ಅಪ್‌ಡೇಟ್ ತೆಗೆದವರ ಫೋನ್ ಸರಿಹೋಯಿತು.

ರಾತ್ರಿ ಏನಾಯಿತು, ಅಂಕಿ ಕೊಡಿ.

ಅರ್ಧಬ್ಯಾಟರಿ:

ಕೊಡುತ್ತೇನೆ. ರಾತ್ರಿ ಹತ್ತೂವರೆಗೆ ಚಾರ್ಜಿಗೆ ಹಾಕಿದೆ. ಆಫ್ ಮಾಡದೆ ಮಲಗಲು ಕಷ್ಟವಾಯಿತು, ಎರಡು ಸಲ ಎದ್ದು ಮುಟ್ಟಿ ನೋಡಿದೆ. ಮುಟ್ಟಬೇಡಿ ಅಂದಿದ್ದಿರಿ, ಹಿಂಬದಿ ಮಾತ್ರ ಮುಟ್ಟಿದೆ, ಸ್ಕ್ರೀನ್ ಅಲ್ಲ. ಒಂದು ಗಂಟೆಗೆ ಬೆಚ್ಚಗಿತ್ತು. ನಾಲ್ಕಕ್ಕೆ ತಣ್ಣಗಿತ್ತು.

ಬೆಳಿಗ್ಗೆ: ಖಾಲಿ 4.9 ಜಿಬಿ, ಸಿಸ್ಟಮ್ 18.4 ಜಿಬಿ. ಅಪ್‌ಡೇಟ್‌ಗೆ ಮೊದಲು ಬರೆದ ಅಂಕಿಯೇ ಮತ್ತೆ ಬಂದಿದೆ! ಪ್ಲೇ ಸಿಸ್ಟಮ್ ಸಾಲನ್ನು ಒತ್ತಿದೆ, ಇಳಿಯಿತು, ರೀಸ್ಟಾರ್ಟ್ ಮಾಡಿದೆ, ತಾರೀಖು ಐದು ತಿಂಗಳು ಮುಂದೆ ಬಂತು. ಸಣ್ಣ ಪ್ಯಾಚ್ ಕೂಡ ಒಂದೇ ಏಟಿಗೆ ಹತ್ತಿತು.

ಅಂದರೆ 1.8 ಜಿಬಿ ಸಿಕ್ಕಿತು. 6.7ರಲ್ಲಿ 1.8 ಹೋದರೆ 4.9 ಇನ್ನೂ ಬಾಕಿ. ಹೊಸ ಸಿಸ್ಟಮ್ ದೊಡ್ಡದಿರಬಹುದು ಅನ್ನುತ್ತಾನೆ ಅಕ್ಕನ ಮಗ. ಆದರೆ ಸಿಸ್ಟಮ್ ಸಾಲು ಮೊದಲಿನಷ್ಟೇ ತೋರಿಸುತ್ತಿದೆಯಲ್ಲ?

ಸ್ಕ್ರೂಡ್ರೈವರ್:

ಖುಷಿಯಾಯಿತು. ಅಕ್ಕನ ಮಗನಿಗೆ ಹೇಳಿ, ಸಿಸ್ಟಮ್‌ನ ಪಾರ್ಟಿಶನ್ ಅಳತೆ ಫೋನ್ ತಯಾರಾದ ದಿನವೇ ಗೊತ್ತುಮಾಡಿರುತ್ತಾರೆ. ಹೊಸ ಸಿಸ್ಟಮ್ ಆ ಅಳತೆಯೊಳಗೇ ಹಿಡಿಸಬೇಕು. ಅದು ಉಬ್ಬಿ ನಿಮ್ಮ ಜಾಗಕ್ಕೆ ಬರುವುದಿಲ್ಲ.

ಆ ಸಿಸ್ಟಮ್ ಅನ್ನುವ ಅಂಕಿಯನ್ನು ಜಾಸ್ತಿ ನಂಬಬೇಡಿ, ಲೆಕ್ಕದವರಿಗೆ ಇದು ಇಷ್ಟವಾಗುವುದಿಲ್ಲ ಅಂತ ಗೊತ್ತು. ಅದು ತೂಕ ಹಾಕಿ ಬಂದ ಅಂಕಿ ಅಲ್ಲ. ಡಬ್ಬಿಯ ಮೇಲೆ ಬರೆದ 128ರಿಂದ, ತನಗೆ ಹೆಸರು ಗೊತ್ತಿರುವ ಫೋಟೋ, ಆಪ್, ವಿಡಿಯೋ, ಖಾಲಿ ಜಾಗ ಎಲ್ಲ ಕಳೆದು ಉಳಿದದ್ದನ್ನು ಸಿಸ್ಟಮ್ ತಲೆಗೆ ಕಟ್ಟುತ್ತದೆ. ಅದಕ್ಕೇ ಮರ್ಜ್ ಬಾಕಿ ಇದ್ದಾಗ ಆ ಸಾಲು ಉಬ್ಬಿತ್ತು.

ಉಳಿದ 4.9ರಲ್ಲಿ ಸ್ವಲ್ಪ ಭಾಗ ಆಪ್‌ಗಳ ಹೊಸ ಕಂಪೈಲ್ ಫೈಲ್‌ಗಳು, ಅಪ್‌ಡೇಟ್ ಆದ ಆಪ್‌ಗಳು. ಆದರೆ ಅದು ಅಷ್ಟೊಂದು ಆಗುವುದಿಲ್ಲ. ಮೊದಲ ಸಲ ಅರ್ಧಕ್ಕೆ ನಿಂತ ಡೌನ್‌ಲೋಡ್ ಇರಬಹುದಾ ಅಂತ ನೋಡಿದೆ, ಆದರೆ ಅದಾದ ಮೇಲೆ ಇನ್ನೊಂದು ಅಪ್‌ಡೇಟ್ ಯಶಸ್ವಿಯಾಗಿ ಹತ್ತಿದೆ, ಹಾಗಾಗಿ ಅದೂ ಹೊಂದುವುದಿಲ್ಲ. ಸ್ವಲ್ಪ ಯೋಚಿಸಬೇಕು.

ಮೂರನೇಸಿಮ್ ಉತ್ತರಿಸಿದ್ದು:

ಇಷ್ಟೆಲ್ಲ ಓದಿ ಒಂದು ಸಣ್ಣ ಅನುಮಾನ ಬಂತು. ಆ ಜಿಪ್ ಎಷ್ಟು ದೊಡ್ಡದಿತ್ತು? ಅಳಿಸಿದ್ದು ಎಲ್ಲಿಂದ? ಫೈಲ್ ಆಪ್‌ನ ಬಿನ್ ಖಾಲಿ ಮಾಡಿದ್ದೀರಾ?

ಸ್ಕ್ರೂಡ್ರೈವರ್:

ಅಯ್ಯೋ.

ಮೇಡಂ, ಮೊದಲ ದಿನವೇ ಇದನ್ನು ನಾನು ಕೇಳಬೇಕಿತ್ತು. ಸ್ನ್ಯಾಪ್‌ಶಾಟ್, ಮರ್ಜ್ ಅಂತ ನೆಲ ಅಗೆಯುತ್ತಾ ಹೋದೆ, ಕಾಲ ಕೆಳಗೆ ಇದ್ದದ್ದು ನೋಡಲಿಲ್ಲ. ಈಗ ಹಲವು ಫೈಲ್ ಆಪ್‌ಗಳಲ್ಲಿ ಅಳಿಸಿದ್ದು ನೇರ ಹೋಗುವುದಿಲ್ಲ. 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ, ಜಾಗವನ್ನೂ ಹಿಡಿದುಕೊಂಡೇ ಇರುತ್ತದೆ. ಫೈಲ್ ಎಲ್ಲೂ ಹೋಗಿರುವುದಿಲ್ಲ, ಎಷ್ಟೋ ಸಲ ಅದೇ ಫೋಲ್ಡರ್‌ನಲ್ಲೇ ಇರುತ್ತದೆ. ಹೆಸರಿನ ಮುಂದೆ ಒಂದು ಚುಕ್ಕಿ, ಟ್ರ್ಯಾಶ್ಡ್ ಅನ್ನುವ ಪದ, ಆಮೇಲೆ ಒಂದು ಉದ್ದ ಅಂಕಿ ಅಂಟಿಸಿರುತ್ತದೆ. ಚುಕ್ಕಿಯಿಂದ ಶುರುವಾದ ಹೆಸರು ಅಂದರೆ ಅಡಗಿಸಿಟ್ಟ ಫೈಲ್. ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಅರ್ಧಬ್ಯಾಟರಿ:

ಸಿಕ್ಕಿತು.

ಫೈಲ್ ಆಪ್‌ನಲ್ಲಿ ‘ಅಡಗಿದ ಫೈಲ್ ತೋರಿಸು’ ಹಾಕಿ ಡೌನ್‌ಲೋಡ್ ಫೋಲ್ಡರ್ ತೆರೆದೆ. ಮೊದಲನೆಯದೇ ಅದು. ಚುಕ್ಕಿ, ಟ್ರ್ಯಾಶ್ಡ್, 17ರಿಂದ ಶುರುವಾಗುವ ಹತ್ತು ಅಂಕಿ, ಆಮೇಲೆ ನಮ್ಮ ಜಿಪ್‌ನ ಹೆಸರು. 4.2 ಜಿಬಿ. ಅಳಿಸುವ ಮೊದಲು ಆ ಹತ್ತು ಅಂಕಿ ಬರೆದುಕೊಂಡೆ, ಅದೇನು ಅಂತ ಹೇಳುವಿರಾ?

ಸ್ಕ್ರೂಡ್ರೈವರ್:

ಅದು ಅವಧಿ ಮುಗಿಯುವ ಹೊತ್ತು. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಅಂತ ಎಣಿಸಿ ಬರೆದದ್ದು. ನೀವು ಅಳಿಸಿದ ಕ್ಷಣಕ್ಕೆ 30 ದಿನ, ಅಂದರೆ 25,92,000 ಸೆಕೆಂಡ್ ಸೇರಿಸಿದರೆ ಆ ಅಂಕಿ ಬರಬೇಕು. ಆಮೇಲೆ ಫೋನೇ ಪೂರ್ತಿ ಅಳಿಸುತ್ತಿತ್ತು.

ಅರ್ಧಬ್ಯಾಟರಿ:

ಕಳೆದು ನೋಡಿದೆ. ಮೊನ್ನೆ ರಾತ್ರಿ 11 ಗಂಟೆ 48 ನಿಮಿಷ. ನಾನು ಜಿಪ್ ಅಳಿಸಿ ‘ಇನ್ನು ನಿಶ್ಚಿಂತೆ’ ಅಂತ ನೋಟ್‌ಬುಕ್ಕಿನಲ್ಲಿ ಬರೆದದ್ದು 11.50ಕ್ಕೆ. ಫೋನ್ ನನಗಿಂತ ಚೆನ್ನಾಗಿ ಲೆಕ್ಕ ಇಟ್ಟಿದೆ.

ಈಗ ಖಾಲಿ 9.1 ಜಿಬಿ. ಕಡ ವಾಪಸ್ 1.8, ಬಿನ್ 4.2. ಬಾಕಿ 0.7. ಇದು ಆಪ್‌ಗಳ ಕಂಪೈಲ್ ಮತ್ತು ಅಪ್‌ಡೇಟ್ ಬಾಬ್ತು ಅಂತ ಬರೆದು ಗೆರೆ ಎಳೆದಿದ್ದೇನೆ. ಬಿಸಿ ಇಲ್ಲ. ಮೂರನೇಸಿಮ್ ಅವರಿಗೆ ಸಲಾಂ. ಸ್ಕ್ರೂಡ್ರೈವರ್ ಸರ್, ಬೇಜಾರು ಬೇಡ, ನಿಮ್ಮ ಮರ್ಜ್ ಇಲ್ಲದಿದ್ದರೆ ಆ ಸಣ್ಣ ಪ್ಯಾಚ್ ಇವತ್ತಿಗೂ ಸುತ್ತುತ್ತಲೇ ಇರುತ್ತಿತ್ತು.

ಚಾರ್ಜಿಗೆ ಹಾಕುವಾಗ ಆಫ್ ಮಾಡುವುದು ಬಿಟ್ಟಿದ್ದೇನೆ. ರಾತ್ರಿ ಎದ್ದು ಮುಟ್ಟಿ ನೋಡುವುದು ಇನ್ನೂ ಬಿಟ್ಟಿಲ್ಲ.

ಒಂದೇಮದ್ದು:

ರಿಸೆಟ್ ಮಾಡಿದ್ದರೆ ಆ ಜಿಪ್ಪೂ ಹೋಗುತ್ತಿತ್ತು ಅಂತ ಹೇಳಿ ಹೋಗುತ್ತೇನೆ.

ಅರ್ಧಬ್ಯಾಟರಿ:

ಹೋಗುತ್ತಿತ್ತು. ಜೊತೆಗೆ ಮೂರು ವರ್ಷದ ಕರೆ ದಾಖಲೆ, ಮೆಸೇಜು, ಎಲ್ಲ ಆಪ್‌ಗಳ ಲಾಗಿನ್ನೂ. ಅದರ ಲೆಕ್ಕ ಯಾರು ಬರೆಯುತ್ತಿದ್ದರು?